ಮನೆಯ ಕಾಫಿಯಂತ್ರದ ಪೂರ್ವೋತ್ತರ

ಗೃಹಸ್ಥನ ಮನೆಯಲ್ಲಿ ಪ್ರತಿದಿನವೂ ಅರಿಯದೆಯೇ ಜೀವಹಿಂಸೆ ನಡೆಯುವ ಸ್ಥಾನಗಳು ಐದೆಂದು ಧರ್ಮಶಾಸ್ತ್ರಕಾರರು ಎಣಿಸಿರುವರು. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಇವೇ ಆ ಐದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಇವನ್ನು ಪಂಚಸೂನೆಗಳೆಂದು ಕರೆದು, ಆ ದೋಷದ ಪರಿಹಾರಕ್ಕಾಗಿಯೇ ಪಂಚಮಹಾಯಜ್ಞಗಳನ್ನು ವಿಧಿಸಲಾಗಿದೆ. ಈ ಪಟ್ಟಿಯಲ್ಲಿ ಒಂದು ಸೂಕ್ಷ್ಮವುಂಟು. ಬೀಸುವುದೂ ಕುಟ್ಟುವುದೂ ಕಾಳನ್ನು ಪುಡಿಮಾಡುವ ಕೆಲಸವೇ ಆಗಿದ್ದರೂ, ಶಾಸ್ತ್ರಕಾರರು ಪೇಷಣಿ, ಕಂಡನಿ ಎಂದು ಅವನ್ನು ಬೇರೆಬೇರೆಯಾಗಿಯೇ ಎಣಿಸಿದರು. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಭೇದವೇ ಇಂದು ಬೆಂಗಳೂರಿನ ಗೃಹಸ್ಥನೊಬ್ಬನು ಕಾಫಿಯ ಬೀಜವನ್ನು ಮನೆಯಲ್ಲಿ ಪುಡಿಮಾಡಿಕೊಳ್ಳಬೇಕೆಂದು ಹೊರಟಾಗ ಮೊದಲು ತಿಳಿದಿರಬೇಕಾದ ಸಂಗತಿಯಾಗಿದೆ.

ಕಂಡನವೆಂದರೆ ಪೆಟ್ಟು. ಒನಕೆ ಬಿದ್ದ ಕಡೆ ಕಾಳು ಹುಡಿಯಾಗುತ್ತದೆ. ಬೀಳದ ಕಡೆ ಹಾಗೆಯೇ ಉಳಿಯುತ್ತದೆ. ಉಳಿದುದನ್ನು ಒಡೆಯಲು ಮತ್ತೆ ಕುಟ್ಟಿದರೆ ಮೊದಲೇ ಹುಡಿಯಾದುದು ಧೂಳಾಗುತ್ತದೆ. ಕುಟ್ಟಿದ ಪದಾರ್ಥವನ್ನು ಜರಡಿ ಹಿಡಿಯದೆ ಬಳಸುವಂತಿಲ್ಲವೆಂಬುದು ಅಡುಗೆಮನೆಯನ್ನು ಬಲ್ಲವರಿಗೆಲ್ಲ ವಿದಿತವೇ. ಪೇಷಣವಾದರೋ ಹಾಗಲ್ಲ. ಎರಡು ಕಲ್ಲುಗಳ ನಡುವೆ ಇರುವ ಸಂದೇ ಅಲ್ಲಿ ಅಳತೆಗೋಲು. ಮೇಲುಕಲ್ಲಿನ ಬಾಯಿಗೆ ಹಾಕಿದ ರಾಗಿ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತ, ಸಂದಿನಷ್ಟು ಸಣ್ಣದಾದ ಹೊರತು ಹೊರಕ್ಕೆ ಬೀಳುವುದಿಲ್ಲ. ಅಷ್ಟು ಸಣ್ಣದಾದ ಮೇಲೆ ಒಳಗೆ ನಿಲ್ಲುವುದೂ ಇಲ್ಲ. ಆದುದರಿಂದಲೇ ಬೀಸಿದ ಹಿಟ್ಟು ಬಹುಮಟ್ಟಿಗೆ ಒಂದೇ ಹದದ್ದಾಗಿರುತ್ತದೆ. ಈಗ ಅಂಗಡಿಗಳಲ್ಲಿ ‘ಬರ್ ಗ್ರೈಂಡರ್’ ಎಂಬ ಹೆಸರಿನಿಂದ ಮಾರುವ ಯಂತ್ರವು ಉಕ್ಕಿನಲ್ಲಿಯೋ ಪಿಂಗಾಣಿಯಲ್ಲಿಯೋ ಮಾಡಿದ ಪುಟ್ಟ ಬೀಸುವ ಕಲ್ಲಲ್ಲದೆ ಬೇರೆಯಲ್ಲ. ಕಲ್ಲಿಗೆ ಹಾಕಿದ ಕಚ್ಚುಗಳ ಸ್ಥಾನದಲ್ಲಿ ಅದಕ್ಕೆ ಹಲ್ಲುಗಳಿರುತ್ತವೆ. ಗೂಟದ ಸ್ಥಾನದಲ್ಲಿ ಉಕ್ಕಿನ ಕಡ್ಡಿಯಿರುತ್ತದೆ. ಸಂದನ್ನು ಹಿಗ್ಗಿಸಿ ಕುಗ್ಗಿಸಲು ಒಂದು ತಿರುಪು ಇರುತ್ತದೆ. ಇದಕ್ಕೆ ಪ್ರತಿಯಾಗಿ ಮಿಕ್ಸಿಯ ಅಲಗು ಎಷ್ಟು ವೇಗವಾಗಿ ತಿರುಗಿದರೂ ಅದು ಮಾಡುವುದು ಕಂಡನವೇ. ವಿದ್ಯುತ್ತಿನ ವೇಷ ಹಾಕಿಕೊಂಡ ಒನಕೆ ಅದು.

ಕಾಫಿಯ ಇತಿಹಾಸದಲ್ಲಿಯೂ ಈ ಎರಡು ಮಾರ್ಗಗಳು ಮೊದಲಿನಿಂದ ನಡೆದುಬಂದಿವೆ. ಕಾಫಿಯ ತವರಾದ ಇಥಿಯೋಪಿಯದಲ್ಲಿಯೂ ಅರಬ್ಬೀ ಮರುಭೂಮಿಯ ಅಲೆಮಾರಿಗಳಲ್ಲಿಯೂ ಹುರಿದ ಬೀಜವನ್ನು ಮರದ ಒರಳಿನಲ್ಲಿ ಕುಟ್ಟುವುದು ರೂಢಿ. ಅರಬ್ಬರಲ್ಲಿ ಆ ಕುಟ್ಟುವ ಸದ್ದೇ ನೆರೆಯವರಿಗೆ ಕರೆಯಾಗುತ್ತಿತ್ತು. ಯೆಮನ್ ದೇಶದ ಸೂಫಿಗಳು ಹದಿನೈದನೆಯ ಶತಮಾನದಲ್ಲಿ ರಾತ್ರಿಯ ಜಪಕ್ಕೆ ನಿದ್ರೆ ಅಡ್ಡಿಯಾಗದಿರಲೆಂದು ಈ ಪಾನೀಯವನ್ನು ಆಶ್ರಯಿಸಿದರು. ೧೫೫೦ರ ದಶಕದಲ್ಲಿ ಇಸ್ತಾಂಬುಲಿನಲ್ಲಿ ಕಾಫಿಯ ಅಂಗಡಿಗಳು ತೆರೆದವು. ತುರುಕರು ಕಾಫಿಯನ್ನು ಸೋಸದೆ, ಗಷ್ಟಿನೊಡನೆಯೇ ಬಟ್ಟಲಿಗೆ ಬಗ್ಗಿಸುವವರಾದುದರಿಂದ ಅವರಿಗೆ ಮೈದಾಹಿಟ್ಟಿನಷ್ಟು ನುಣುಪಾದ ಪುಡಿ ಬೇಕಾಯಿತು. ಒರಳು ಅದಕ್ಕೆ ಸಾಲದು. ಉದ್ದನೆಯ ಹಿತ್ತಾಳೆಯ ಕೊಳವೆಯಂತಿದ್ದು, ಒಳಗೆ ಹಲ್ಲುಗಳುಳ್ಳ, ಮೇಲೆ ಮಡಿಸುವ ಹಿಡಿಯುಳ್ಳ ಅವರ ಕೈಯಂತ್ರವು ಹುಟ್ಟಿದ್ದು ಈ ಅಗತ್ಯದಿಂದ. ಇಂದು ಕೈಯಲ್ಲಿ ಹಿಡಿದು ತಿರುಗಿಸುವ ಯಂತ್ರಗಳ ಆಕಾರವನ್ನು ನೋಡಿದರೆ ಆ ತುರುಕೀ ಯಂತ್ರದ ವಂಶದವು ಎಂಬುದು ಸುಲಭವಾಗಿ ಹೊಳೆಯುತ್ತದೆ.

ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಮಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ನಿನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ; ಮೈಸೂರು ಸೀಮೆಯ ಮಕ್ಕಳೆಲ್ಲ ಬಲ್ಲರು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಮಂಜರಾಬಾದು, ಕೊಡಗುಗಳ ಬೆಟ್ಟಗಳಲ್ಲಿ ಯುರೋಪಿಯನರು ದೊಡ್ಡ ತೋಟಗಳನ್ನು ಮಾಡಿದರು. ೧೮೬೯ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆಯ ತುಕ್ಕುರೋಗವು ಬೇಗನೆ ದಕ್ಷಿಣ ಭಾರತಕ್ಕೂ ಹಬ್ಬಿ ಬಹಳ ಹಾನಿಯನ್ನುಂಟುಮಾಡಿತು. ೧೯೨೫ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿದುದು ಇಂತಹ ಕಷ್ಟಗಳ ಫಲವೇ. ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟು: ಆ ಕಾಲದ ಬೆಳೆಯ ಬಹುಭಾಗ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು, ಬೆಳೆದ ನಾಡಿನವರು ಕುಡಿಯುವುದನ್ನು ಕಲಿತದ್ದು ತಡವಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಆದಿಗೂ ನಡುವೆ ಪಟ್ಟಣವಾಸಿಗಳಾದ ನೌಕರರ, ವಕೀಲರ, ಉಪಾಧ್ಯಾಯರ ಮನೆಗಳನ್ನು ಕಾಫಿ ಮೊದಲು ಹೊಕ್ಕಿತು. ಬೆಳಗ್ಗೆ ತಂಗಳನ್ನವನ್ನೋ ಗಂಜಿಯನ್ನೋ ಉಣ್ಣುತ್ತಿದ್ದ ಮನೆಗಳಲ್ಲಿ ಅದರ ಸ್ಥಾನವನ್ನು ಒಂದು ಲೋಟ ಬಿಸಿನೀರು ಆಕ್ರಮಿಸಿತೆಂದು ಹಿರಿಯರು ಗೊಣಗಿದರೂ, ಗೊಣಗಿದವರೇ ಮುಂದೆ ಎರಡನೆಯ ಲೋಟವನ್ನು ಕೇಳಿದರು.

ಆಗ ಮನೆಗೆ ಬರುತ್ತಿದ್ದುದು ಹಸಿಯ ಬೀಜ. ದುಂಡನೆಯ ಪೀಬರಿ, ಚಪ್ಪಟೆಯ ಪ್ಲಾಂಟೇಶನ್ ಎಂದು ಹೆಸರಿಟ್ಟು ಕೇಳಿ ತರುತ್ತಿದ್ದರು. ಮೊದಲು ಮೊರದಲ್ಲಿ ಹಾಕಿ ಕಲ್ಲು, ಕಪ್ಪುಬೀಜಗಳನ್ನು ಆರಿಸಬೇಕು. ಅನಂತರ ಕಬ್ಬಿಣದ ಬಾಣಲೆಯಲ್ಲಿಯೋ, ಇದ್ದಿಲ ಒಲೆಯ ಮೇಲೆ ತಿರುಗಿಸುವ ತಗಡಿನ ಡಬ್ಬದಲ್ಲಿಯೋ ಹುರಿಯಬೇಕು. ಕೊನೆಗೆ ಪುಡಿಮಾಡಬೇಕು. ಆರಂಭದಲ್ಲಿ ಈ ಕೊನೆಯ ಕಾರ್ಯಕ್ಕೆ ಮನೆಯಲ್ಲಿದ್ದ ಸಾಧನಗಳನ್ನೇ ಬಳಸಬೇಕಾಗಿತ್ತು. ಕುಟ್ಟಿದರೆ ಮೇಲೆ ಹೇಳಿದ ದೋಷ. ಬೀಸುವ ಕಲ್ಲಿಗೆ ಹಾಕಿದರೆ ಬೇರೊಂದು ತೊಂದರೆ: ಹುರಿದ ಕಾಫಿಯ ಬೀಜದಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಕಲ್ಲಿನ ರಂಧ್ರಗಳಿಗೆ ಅಂಟಿಕೊಂಡು, ಮರುದಿನದ ರಾಗಿಹಿಟ್ಟಿಗೆ ಕಾಫಿಯ ವಾಸನೆಯನ್ನೂ, ನಾಲ್ಕು ದಿನದ ಮೇಲಿನ ಕಾಫಿಗೆ ಕಮಟುವಾಸನೆಯನ್ನೂ ಕೊಡುತ್ತಿತ್ತು. ಕಾಫಿಗೆಂದೇ ಪ್ರತ್ಯೇಕವಾದ ಒಂದು ಪೇಷಣಿ ಬೇಕಾಯಿತು.

ಅಂತಹ ಪೇಷಣಿಯು ಪಾಶ್ಚಾತ್ಯ ದೇಶಗಳಲ್ಲಿ ಅಷ್ಟುಹೊತ್ತಿಗೆ ಪಕ್ವವಾಗಿತ್ತು. ಅಮೆರಿಕದ ತಾಮಸ್ ಬ್ರಫ್ ಎಂಬ ದಂತವೈದ್ಯನು ೧೭೯೮ರಲ್ಲಿ ಕಾಫಿ ಬೀಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಹಲ್ಲು ಕೀಳುವವನಿಗೆ ಹಲ್ಲು ಮೂಡಿಸುವ ಯೋಚನೆ ಬಂದುದು ವಿನೋದವೇ ಸರಿ. ಫ್ರಾನ್ಸಿನ ಪ್ಯೂಜೋ ಕುಟುಂಬದವರು ೧೮೪೦ರಿಂದ ಕಾಫಿಯ ಯಂತ್ರಗಳನ್ನು ತಯಾರಿಸತೊಡಗಿದರು. ಇಂದು ಮೋಟಾರು ಕಾರುಗಳ ಮೂಲಕ ಲೋಕಕ್ಕೆ ಪರಿಚಿತವಾಗಿರುವ ಹೆಸರು ಅದೇ. ಇಂಗ್ಲೆಂಡಿನಲ್ಲಿ ಸ್ಪಾಂಗ್ ಕಂಪೆನಿಯವರ ಎರಕದ ಕಬ್ಬಿಣದ ಯಂತ್ರಗಳು ಪ್ರಸಿದ್ಧವಾದವು. ಮೇಲೆ ಬೀಜ ಹಾಕುವ ಬಟ್ಟಲು, ಪಕ್ಕದಲ್ಲಿ ಹಿಡಿ, ಮುಂದೆ ಪುಡಿ ಬೀಳುವ ಬಾಯಿ, ಕೆಳಗೆ ಮೇಜಿನ ಅಂಚಿಗೋ ಹಲಗೆಗೋ ಬಿಗಿಯುವ ತಿರುಪು. ಈ ಮಾದರಿಯ ಯಂತ್ರವೇ ದಕ್ಷಿಣ ಭಾರತದ ಅನುಕೂಲಸ್ಥರ ಮನೆಗಳಿಗೆ ಬಂದು, ಅಡುಗೆಮನೆಯ ಕಿಟಕಿಯ ಹಲಗೆಗೆ ಶಾಶ್ವತವಾಗಿ ಕಚ್ಚಿಕೊಂಡು ಕುಳಿತಿತು.

ಅದಕ್ಕೆ ಅಷ್ಟು ಬೇಗ ಮನ್ನಣೆ ದೊರೆತುದಕ್ಕೆ ರುಚಿಯೊಂದೇ ಕಾರಣವಲ್ಲ. ಅಂಗಡಿಯ ಪುಡಿಯಲ್ಲಿ ಜನಕ್ಕೆ ನಂಬಿಕೆಯಿರಲಿಲ್ಲ. ಹುರಿದ ಹುಣಿಸೆಬೀಜವೂ ಖರ್ಜೂರದ ಬೀಜವೂ ಪುಡಿಯಾಗಿ ಕಾಫಿಯೊಡನೆ ಬೆರೆತರೆ ಕಣ್ಣಿಗೆ ತಿಳಿಯುವುದು ಕಷ್ಟ. ಚಿಕೋರಿಯ ಕಥೆಯೂ ಇದಕ್ಕೆ ಸೇರಿದುದೇ. ೧೮೦೬ರಲ್ಲಿ ನೆಪೋಲಿಯನ್ನನು ಇಂಗ್ಲೆಂಡಿನ ವ್ಯಾಪಾರವನ್ನು ನಿರ್ಬಂಧಿಸಿದಾಗ ಕಾಫಿಗೆ ಬರವಾಗಿ, ಫ್ರೆಂಚರು ಈ ಗೆಡ್ಡೆಯನ್ನು ಹುರಿದು ಬೆರೆಸುವುದನ್ನು ವಿಶೇಷವಾಗಿ ರೂಢಿಸಿಕೊಂಡರು. ಬರ ಕಳೆದರೂ ರೂಢಿ ಉಳಿಯಿತು. ಅದು ನಮ್ಮ ಫಿಲ್ಟರಿನೊಳಕ್ಕೂ ಬಂದಿತು. ಡಿಕಾಕ್ಷನ್ನಿಗೆ ಕಪ್ಪುಬಣ್ಣವನ್ನೂ ಮಂದವನ್ನೂ ಕೊಡುವುದರಿಂದ ಚಿಕೋರಿಯನ್ನು ಬಯಸಿ ಬೆರೆಸುವವರು ಅನೇಕರಿರುವರು, ಅದು ದೋಷವಲ್ಲ. ಹೇಳದೆ ಬೆರೆಸಿ ಕಾಫಿಯ ಬೆಲೆಗೆ ಮಾರುವುದು ದೋಷ. ಈಗಿನ ಕಾನೂನಿನಂತೆ ಮಿಶ್ರಣದಲ್ಲಿ ನೂರಕ್ಕೆ ೫೧ ಭಾಗಕ್ಕೆ ಕಡಿಮೆಯಿಲ್ಲದೆ ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಆ ಕಟ್ಟುಪಾಡುಗಳಿಲ್ಲದ ಕಾಲದಲ್ಲಿ ಬೀಜವನ್ನು ಬೀಜವಾಗಿಯೇ ಕೊಂಡು ತಮ್ಮ ಕಣ್ಣಮುಂದೆ ಪುಡಿಮಾಡಿಕೊಳ್ಳುವುದೊಂದೇ ಗೃಹಸ್ಥನಿಗಿದ್ದ ರಕ್ಷಣೆ. ಕಿಟಕಿಯ ಬಳಿಯ ಆ ಕಬ್ಬಿಣದ ತುಂಡು ಮನೆಯ ಸಾಕ್ಷಿಯಂತಿತ್ತು.

ಆದರೆ ಸಾಕ್ಷಿಗೆ ಕೈಯಿರಲಿಲ್ಲ, ಯಾರಾದರೂ ತಿರುಗಿಸಬೇಕಾಗಿತ್ತು. ತಿರುಗಿಸಿದವರು ಯಾರು? ಬೆಳಗಿನ ಜಾವ ನೀರು ಹೊತ್ತು, ಒಲೆ ಹಚ್ಚಿ, ಹಾಲು ಕಾಯಿಸಿದ ಹೆಂಗಸೇ ಅದನ್ನೂ ತಿರುಗಿಸಿದಳು. ಅವಳಿಗೆ ಬಿಡುವಿಲ್ಲದಿದ್ದರೆ ಮನೆಯ ಹುಡುಗರನ್ನು ಎಬ್ಬಿಸಿ ಕೂರಿಸಿದರು. ಹತ್ತು ಜನರ ಮನೆಗೆ ದಿನಕ್ಕೆ ಎರಡು ಸಲ ಪುಡಿ ಬೇಕೆಂದರೆ ಅದು ಆಟವಲ್ಲ. ಬೀಸುವ ಪದಗಳ ಮಾಧುರ್ಯವನ್ನು ಕೊಂಡಾಡುವವರಲ್ಲಿ ಕಲ್ಲಿನ ಗೂಟವನ್ನು ಹಿಡಿದು ಬೀಸಿದವರು ವಿರಳ. ಊರೂರಿಗೆ ಹಿಟ್ಟಿನ ಗಿರಣಿ ಬಂದಾಗ ರಾಗಿ ಬೀಸುವ ಶ್ರಮ ಮನೆಯಿಂದ ಹೊರಟುಹೋಯಿತು. ಹಾಡೂ ಅದರೊಡನೆ ಹೋಯಿತು. ಹಾಡು ಹೋದುದು ನಷ್ಟವೆನ್ನುವುದಾದರೆ, ಶ್ರಮ ಹೋದುದು ಲಾಭವೆಂಬುದನ್ನೂ ಅದೇ ಬಾಯಿಂದ ಹೇಳುವುದು ನ್ಯಾಯ. ಕಾಫಿಯ ಯಂತ್ರದ ವಿಷಯದಲ್ಲಿಯೂ ಹೀಗೆಯೇ ನಡೆಯಿತು.

ಬೆಂಗಳೂರಿಗೆ ೧೯೦೫ರಲ್ಲಿ ವಿದ್ಯುದ್ದೀಪ ಬಂದಿತು. ಮುಂದೆ ವಿದ್ಯುತ್ತು ಅಂಗಡಿಗಳ ಯಂತ್ರಗಳನ್ನೂ ತಿರುಗಿಸತೊಡಗಿದ ಮೇಲೆ, ಬೀಜವನ್ನು ಗಿರಾಕಿಯ ಎದುರಿನಲ್ಲಿಯೇ ಹುರಿದು ಬೀಸಿಕೊಡುವ ಕಾಫಿಪುಡಿಯ ಅಂಗಡಿಗಳು ಬೆಳೆದವು. ಕಣ್ಣೆದುರಿಗೇ ಬೀಸುವುದರಿಂದ ನಂಬಿಕೆಯ ಪ್ರಶ್ನೆಗೂ ಸಮಾಧಾನ ದೊರೆಯಿತು. ಸ್ವಾತಂತ್ರ್ಯದ ಅನಂತರ ಊರು ಪಶ್ಚಿಮದ ಕಡೆ ಬೆಳೆದು, ರಾಜಾಜಿಯವರ ಹೆಸರಿನ ಬಡಾವಣೆ ಕಾರ್ಖಾನೆಗಳ ನೆರೆಯಲ್ಲಿ ತಲೆಯೆತ್ತಿತು. ವಿಜಯನಗರ, ಬಸವೇಶ್ವರನಗರಗಳು ಅದರ ಹಿಂದೆ ಬಂದವು. ಮೈಸೂರು ರಸ್ತೆಯ ಹಳೆಯ ಪೇಟೆಯಾದ ಕೆಂಗೇರಿಯೂ ನಗರಕ್ಕೆ ಸೇರಿಹೋಯಿತು. ಈ ಬಡಾವಣೆಗಳ ಚಿಕ್ಕ ಮನೆಗಳಲ್ಲಿ ಕೆಲಸದ ಪಾಳಿಗೆ ಹೊತ್ತಿಗೆ ಸರಿಯಾಗಿ ಹೊರಡಬೇಕಾದವರಿಗೆ ಬೀಜ ಹುರಿಯುತ್ತ ಕೂರಲು ವೇಳೆಯೂ ಇರಲಿಲ್ಲ, ಸ್ಥಳವೂ ಇರಲಿಲ್ಲ. ಸಂಜೆ ಹಿಂದಿರುಗುವಾಗ ಕಾಲು ಕಿಲೋ ಬಿಸಿಬಿಸಿ ಪುಡಿಯನ್ನು ಕಟ್ಟಿಸಿಕೊಂಡು ಬರುವುದು ಪದ್ಧತಿಯಾಯಿತು. ಆ ಅಂಗಡಿಗಳ ಪರಿಮಳವು ಇಂದಿಗೂ ಈ ಭಾಗದ ಬೀದಿಗಳಲ್ಲಿ ದಾರಿಹೋಕರನ್ನು ನಿಲ್ಲಿಸುತ್ತದೆ. ಕಬ್ಬಿಣದ ಯಂತ್ರ ಕಿಟಕಿಯಿಂದಿಳಿದು ಅಟ್ಟವನ್ನು ಸೇರಿತು. ಹಲವು ವರ್ಷಗಳ ಮೇಲೆ ಮಿಕ್ಸಿ ಬಂದಾಗ ಕೆಲವರು ಮನೆಯ ಬೀಸುವಿಕೆಯನ್ನು ಮತ್ತೆ ಪ್ರಯತ್ನಿಸಿದರು. ಅಲಗಿನ ಕಂಡನದಿಂದ ಅರ್ಧ ನುಚ್ಚು, ಅರ್ಧ ಧೂಳು. ನುಚ್ಚನ್ನು ಒಡೆಯಲು ಮತ್ತೆ ಓಡಿಸಿದರೆ ಧೂಳು ಇನ್ನಷ್ಟು ಧೂಳು. ಪಿಷ್ಟಪೇಷಣನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತಾರ್ಕಿಕರಿಗೂ ಸಿಕ್ಕಲಾರದು.

ಈಗ ಮತ್ತೆ ಮನೆಗಳಲ್ಲಿ ಬೀಸುವ ಯಂತ್ರ ಕಾಣಿಸಿಕೊಳ್ಳುತ್ತಿರುವುದಕ್ಕೆ ಒಂದು ಆರ್ಥಿಕ ಕಾರಣವುಂಟು. ಯುದ್ಧಕಾಲದಲ್ಲಿ, ೧೯೪೨ರ ಕಾಫಿ ಕಾಯಿದೆಯ ಮೂಲಕ, ಬೆಳೆಗಾರರು ತಮ್ಮ ಬೆಳೆಯನ್ನು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಕಾಫಿ ಮಂಡಲಿಯ ಸಂಗ್ರಹಕ್ಕೆ ಒಪ್ಪಿಸಬೇಕೆಂದು ಏರ್ಪಾಡಾಯಿತು. ಯಾವ ತೋಟದ ಬೀಜವೂ ಆ ಸಂಗ್ರಹದಲ್ಲಿ ಬೆರೆತು ತನ್ನ ಹೆಸರನ್ನು ಕಳೆದುಕೊಳ್ಳುತ್ತಿತ್ತು. ೧೯೯೨ರಿಂದ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, ೧೯೯೬ರ ವೇಳೆಗೆ ಬೆಳೆಗಾರನು ತನ್ನ ಬೆಳೆಯನ್ನು ತಾನೇ ಮಾರಬಹುದಾಯಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಎಂಬ ಅಂಗಡಿ ತೆರೆದುದನ್ನು ಎಲ್ಲರೂ ಬಲ್ಲರು. ಕ್ರಮೇಣ ಒಂದೊಂದು ತೋಟದ ಬೀಜವೂ ತನ್ನ ಊರಿನ, ತಳಿಯ, ಹುರಿದ ದಿನಾಂಕದ ಹೆಸರು ಹೊತ್ತು ನೇರವಾಗಿ ಗ್ರಾಹಕನ ಬಾಗಿಲಿಗೆ ಬರುವಂತಾಯಿತು. ಹೆಸರುಳ್ಳ ಬೀಜವನ್ನು ತರಿಸಿ, ಹದವಿಲ್ಲದೆ ಪುಡಿಮಾಡುವುದು ಅವಿವೇಕ. ಬೀಜವಾಗಿರುವಾಗ ವಾರಗಳ ಕಾಲ ನಿಲ್ಲುವ ಪರಿಮಳವು ಪುಡಿಯಾದೊಡನೆ ಗಾಳಿಗೆ ತೆರೆದುಕೊಂಡು ಬೇಗ ಹಾರಿಹೋಗುತ್ತದೆ. ಆದುದರಿಂದ ಪೇಷಣಿಯ ಪುನಃಪ್ರವೇಶವಾಯಿತು.

ಯಂತ್ರವನ್ನು ಆರಿಸುವವರು ಹಿಂದಿನವರು ಬೀಸುವ ಕಲ್ಲನ್ನು ಆರಿಸುತ್ತಿದ್ದ ರೀತಿಯನ್ನು ನೆನೆದರೆ ಸಾಕು. ಗೂಟ ಸಡಿಲವಾದ ಕಲ್ಲು ಒಂದು ಕಡೆ ನುಣ್ಣಗೆ, ಒಂದು ಕಡೆ ತರಿಯಾಗಿ ಬೀಸುತ್ತದೆ. ಕಾಫಿಯ ಯಂತ್ರದಲ್ಲಿಯೂ ಮೊದಲು ನೋಡಬೇಕಾದುದು ನಡುವಿನ ಕಡ್ಡಿ ಅಲ್ಲಾಡದೆ ನಿಲ್ಲುವುದೇ ಎಂಬುದನ್ನು. ಹಿಡಿಯನ್ನು ಪಕ್ಕಕ್ಕೆ ಒತ್ತಿ ನೋಡಿದಾಗ ಒಳಗಿನ ಹಲ್ಲು ಓಲಾಡಿದರೆ ಅಂತಹ ಯಂತ್ರ ಎಷ್ಟು ಅಂದವಾಗಿದ್ದರೂ ಬೇಡ. ಹೊರಗಿನ ಹೊಳಪಿಗೆ ಕೊಡುವ ಹಣದಲ್ಲಿ ಅರ್ಧವನ್ನು ಕಡ್ಡಿಯ ಎರಡು ಕಡೆ ಒಳ್ಳೆಯ ಬೇರಿಂಗಿಗೆ ಕೊಟ್ಟರೆ ಲೇಸು. ಉಕ್ಕಿನ ಹಲ್ಲು ಹರಿತ, ಬೀಜವನ್ನು ಕತ್ತರಿಸುತ್ತದೆ. ಪಿಂಗಾಣಿಯದು ಗಟ್ಟಿ, ತುಕ್ಕು ಹಿಡಿಯದು, ಆದರೆ ಉಕ್ಕಿನಷ್ಟು ಹರಿತವಲ್ಲ. ಒಂದು ಕಲ್ಲು ಸಿಕ್ಕರೆ ಚಕ್ಕೆ ಏಳುತ್ತದೆ. ಶಂಕುವಿನ ಆಕಾರದ್ದಾಗಲಿ, ಚಪ್ಪಟೆಯ ಬಿಲ್ಲೆಗಳದ್ದಾಗಲಿ, ಮನೆಯ ಫಿಲ್ಟರಿಗೆ ಎರಡೂ ಒಪ್ಪುತ್ತವೆ. ಈ ವಿಷಯದಲ್ಲಿ ನಡೆಯುವ ವಾದಗಳು ದ್ವೈತಾದ್ವೈತಗಳ ವಾದದಷ್ಟೇ ದೀರ್ಘ.

ಕೈಯಂತ್ರವೋ ವಿದ್ಯುತ್ತಿನದೋ ಎಂಬ ಪ್ರಶ್ನೆಗೆ ಉತ್ತರವು ಮನೆಯ ಜನಸಂಖ್ಯೆಯಲ್ಲಿದೆ. ಸಾಮಾನ್ಯ ಕೈಯಂತ್ರದಲ್ಲಿ ಒಂದು ಸಲಕ್ಕೆ ೨೦ರಿಂದ ೩೦ ಗ್ರಾಂ ಬೀಜ ಹಿಡಿಯುತ್ತದೆ. ಇಬ್ಬರಿರುವ ಮನೆಗೆ ಅದು ಧಾರಾಳ. ಐದಾರು ಜನರಿದ್ದು, ಬಂದವರಿಗೂ ಕಾಫಿ ಕೊಡುವ ಮನೆಯಾದರೆ ವಿದ್ಯುತ್ತಿನ ಯಂತ್ರವನ್ನೇ ತರುವುದು ಯುಕ್ತ. ಇಲ್ಲವಾದರೆ ಕೊಂಡವನು ಒಂದು ವಾರ ಉತ್ಸಾಹದಿಂದ ತಿರುಗಿಸಿ, ಎಂಟನೆಯ ದಿನ ಅದನ್ನು ಅಡುಗೆಮನೆಯವಳ ಕೈಗೆ ಒಪ್ಪಿಸುವನು. ನೂರು ವರ್ಷಗಳ ಹಿಂದಿನ ಕಿಟಕಿಯ ಕಥೆ ಮತ್ತೆ ಆರಂಭವಾಗುವುದು. ರುಚಿ ಯಾರಿಗೆ ಬೇಕೋ ತೋಳೂ ಅವರದೇ ಆಗಿರತಕ್ಕದ್ದು.

ಹದವನ್ನು ಗೊತ್ತುಮಾಡಿಕೊಳ್ಳುವ ಕ್ರಮ ಹೀಗೆ. ಒಳಗೆ ಬೀಜವಿಲ್ಲದಿರುವಾಗ ತಿರುಪನ್ನು ಬಿಗಿಯುತ್ತ ಹೋದರೆ ಹಲ್ಲಿಗೆ ಹಲ್ಲು ತಾಗುವ ಸದ್ದು ಕೇಳುತ್ತದೆ. ಅದನ್ನು ಸೊನ್ನೆಯೆಂದು ಇಟ್ಟುಕೊಂಡು ಅಲ್ಲಿಂದ ಸಡಿಲಿಸುತ್ತ ಎಣಿಸಬೇಕು. ನಮ್ಮ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿಗೆ ಬೇಕಾದುದು ಚಿರೋಟಿ ರವೆಯ ಹದ. ಉಪ್ಪಿಟ್ಟಿನ ರವೆಯಷ್ಟು ತರಿಯಾದರೆ ನೀರು ನಿಲ್ಲದೆ ಇಳಿದು ಡಿಕಾಕ್ಷನ್ ತೆಳುವಾಗಿ, ಹುಳಿಯ ಛಾಯೆ ಬರುತ್ತದೆ. ಮೈದಾದಂತಾದರೆ ರಂಧ್ರಗಳು ಮುಚ್ಚಿ ನೀರು ಮೇಲೆಯೇ ಕೂರುತ್ತದೆ, ಇಳಿದಷ್ಟು ಕಹಿ. ಹುರಿದ ಬೀಜದ ತೂಕದಲ್ಲಿ ಸುಮಾರು ನೂರಕ್ಕೆ ೩೦ ಭಾಗ ನೀರಿನಲ್ಲಿ ಕರಗಬಲ್ಲದು. ಆದರೆ ನೂರಕ್ಕೆ ೧೮ರಿಂದ ೨೨ರಷ್ಟು ಇಳಿದಾಗ ರುಚಿ ಚೆನ್ನಾಗಿರುವುದೆಂದೂ ಮಿಕ್ಕುದನ್ನು ಹಿಂಡಿದರೆ ಕಹಿಯೇ ಹೆಚ್ಚುವುದೆಂದೂ ಪರೀಕ್ಷಕರು ಕಂಡಿರುವರು. ನುಚ್ಚೂ ಧೂಳೂ ಬೆರೆತ ಪುಡಿಯಲ್ಲಿ ನುಚ್ಚಿನಿಂದ ಸಾಲದಷ್ಟೂ ಧೂಳಿನಿಂದ ಸಾಕೆಂಬುದಕ್ಕಿಂತ ಹೆಚ್ಚೂ ಇಳಿದು, ಒಂದೇ ಲೋಟದಲ್ಲಿ ಹುಳಿ ಕಹಿಗಳೆರಡೂ ಸೇರುತ್ತವೆ. ಏಕರೂಪದ ಪುಡಿಗೆ ಇಷ್ಟೊಂದು ಪ್ರಾಶಸ್ತ್ಯವೇಕೆಂಬುದು ಇದರಿಂದ ಸ್ಪಷ್ಟವಾಗುವುದು. ತಿರುಪನ್ನು ದಿನಕ್ಕೊಂದು ಗೆರೆಯಂತೆ ಸರಿಸಿ ನಾಲ್ಕೈದು ದಿನ ನೋಡಿದರೆ ಹದ ಸಿಕ್ಕುತ್ತದೆ. ಬೀಜ ಕಚ್ಚಿಕೊಂಡಿರುವಾಗ ನಿಂತ ಯಂತ್ರವನ್ನು ಬಿಗಿಯಬಾರದು. ವಿದ್ಯುತ್ತಿನದಾದರೆ ಓಡುತ್ತಿರುವಾಗಲೇ ಬಿಗಿಯುವುದು ಕ್ಷೇಮ.

ಬೇಸಗೆಯ ಒಣಹವೆಯಲ್ಲಿ ಪುಡಿಯು ಸ್ಥಿರವಿದ್ಯುತ್ತಿನಿಂದ ಯಂತ್ರದ ಗೋಡೆಗೆಲ್ಲ ಅಂಟಿಕೊಳ್ಳುತ್ತದೆ. ಬೀಜದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ ಕಲಕಿ ಬೀಸಿದರೆ ಇದು ಬಹಳ ಕಡಿಮೆಯಾಗುವುದು. ಅಮೆರಿಕದ ಆರೆಗನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞರು, ಜ್ವಾಲಾಮುಖಿಯ ಬೂದಿಯಲ್ಲಿ ಮಿಂಚು ಹುಟ್ಟುವ ಕ್ರಮವನ್ನು ಅಧ್ಯಯನಮಾಡುವವರೊಡನೆ ಸೇರಿ, ೨೦೨೩ರಲ್ಲಿ ಇದನ್ನು ಅಳೆದು ತೋರಿಸಿದರು. ಯಂತ್ರವನ್ನು ತೊಳೆಯಬಾರದು, ಒಣಗಿದ ಕುಂಚದಿಂದ ವಾರಕ್ಕೊಮ್ಮೆ ಗುಡಿಸಬೇಕು, ಇಲ್ಲವಾದರೆ ಹಳೆಯ ಎಣ್ಣೆ ಕಮಟಾಗುತ್ತದೆ. ಮೆಣಸು ಧನಿಯಗಳನ್ನು ಅದರಲ್ಲಿ ಬೀಸಲೇಬಾರದು. ಹುರಿದ ಚಿಕೋರಿಯು ತೇವವನ್ನು ಹೀರಿ ಅಂಟಾಗುವ ಪದಾರ್ಥವಾದುದರಿಂದ ಅದನ್ನು ಹಲ್ಲುಗಳ ನಡುವೆ ಹಾಕದೆ, ಬೇಕಾದವರು ಪುಡಿಯಾಗಿಯೇ ಕೊಂಡು ಅನಂತರ ಬೆರೆಸಿಕೊಳ್ಳತಕ್ಕದ್ದು. ಕಾಫಿಯನ್ನು ಕಣದಲ್ಲಿ ಒಣಗಿಸುವ ನಾಡು ನಮ್ಮದು. ಬೀಜದೊಡನೆ ಒಂದು ಹರಳು ಬಂದರೂ ಬರಬಹುದು. ಮೊರ ಮಾಯವಾದ ಮನೆಗಳಲ್ಲಿ ಒಂದು ತಟ್ಟೆಯಲ್ಲಾದರೂ ಹರಡಿ ನೋಡಿ ಯಂತ್ರಕ್ಕೆ ಹಾಕಬೇಕು.

ಅಟ್ಟದಲ್ಲಿ ಅಜ್ಜಿಯ ಕಾಲದ ಕಬ್ಬಿಣದ ಯಂತ್ರವುಳ್ಳವರು ಹೊಸದನ್ನು ಕೊಳ್ಳುವ ಮುನ್ನ ಅದನ್ನೊಮ್ಮೆ ಇಳಿಸಿ ನೋಡಬಹುದು. ಹಿಡಿಯ ಎದುರಿನ ತಿರುಪನ್ನು ಬಿಚ್ಚಿದರೆ ಒಳಗಿನ ಬಿಲ್ಲೆಗಳು ಹೊರಕ್ಕೆ ಬರುತ್ತವೆ. ಮೇಲಿನ ತುಕ್ಕು ತಂತಿಯ ಕುಂಚದಿಂದ ಹೋಗುವಂತಹುದು. ಹಲ್ಲಿನ ಅಂಚು ಬೆರಳಿಗೆ ಹರಿತವಾಗಿ ತಾಗಿದರೆ ಯಂತ್ರ ಇನ್ನೂ ಬದುಕಿದೆಯೆಂದರ್ಥ. ಮೊದಲ ಎರಡು ಹಿಡಿ ಬೀಜದ ಪುಡಿಯನ್ನು ಚೆಲ್ಲಿ, ಮೂರನೆಯದನ್ನು ಕುಡಿಯಬಹುದು. ಅಂಚು ಸವೆದು ನುಣುಪಾಗಿದ್ದರೆ ಉಪಾಯವಿಲ್ಲ. ಕಲ್ಲಿಗೆ ಕಚ್ಚು ಹಾಕುತ್ತೇವೆಂದು ಉಳಿ ಹಿಡಿದು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಲ್ಲುಕುಟಿಗರು ಕಬ್ಬಿಣದ ಬಿಲ್ಲೆಗೆ ಕೈಹಾಕುತ್ತಿರಲಿಲ್ಲ.